ಹೇಳಿ ಹೊಡೆದ ಸೆಡ್ಡು

ಪೊಲೀಸಪ್ಪ ಇಲ್ಲದ್ದನ್ನು ನೋಡಿಕೊಂಡು ಸಿಗ್ನಲ್ ಹಾರಿಸುವ ನಮ್ಮಂಥವರ ಶೌರ್ಯಕ್ಕೆ ‘ಡಿಫೈಯೆನ್ಸ್’ ಎಂಬ ಇಂಗ್ಲಿಷ್ ಪದ ಒಪ್ಪುವುದಿಲ್ಲ. ಅದಕ್ಕೆ ಎದುರಾಳಿ ಬೇಕು, ಅವನ ಕಣ್ಣು ನಮ್ಮ ಮೇಲೇ ಇರಬೇಕು. ಗರಡಿಯಲ್ಲಿ ಯಾರಿಗೂ ಕೇಳಿಸದಂತೆ ತೊಡೆ ತಟ್ಟಿದರೆ ಅದೆಂಥ ಸೆಡ್ಡು?

ಹಳೆಯ ಫ್ರೆಂಚಿನಿಂದ ಬಂದ ಈ ಪದದ ಹೊಟ್ಟೆಯೊಳಗಿರುವುದು ನಿಷ್ಠೆ ಎಂಬರ್ಥದ ಲ್ಯಾಟಿನ್ ಮೂಲ. ಮಧ್ಯಯುಗದ ಯುರೋಪಿನಲ್ಲಿ ಒಡೆಯನ ಮೇಲೆ ಕತ್ತಿ ಎತ್ತುವ ಸಾಮಂತ ಮೊದಲು ‘ನಿಮಗಿತ್ತ ನಿಷ್ಠೆಯ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ’ ಎಂದು ಹೇಳಬೇಕಿತ್ತು. ಹೇಳದೆ ಎತ್ತಿದರೆ ಅದು ದ್ರೋಹ. 1215ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಬ್ಯಾರನ್‌ಗಳು ಜಾನ್ ದೊರೆಗೆ ಹೀಗೆ ಹೇಳಿಯೇ ಎದುರುಬಿದ್ದರು. ಜೂನ್‌ನಲ್ಲಿ ಆತ ಮ್ಯಾಗ್ನಾಕಾರ್ಟಾ ಎಂಬ ಹಕ್ಕುಪತ್ರಕ್ಕೆ ಮುದ್ರೆ ಒತ್ತಿದ.

ಈ ಪದವನ್ನು ಹೆಸರಲ್ಲೇ ಇಟ್ಟುಕೊಂಡ ಚಳವಳಿ ನಡೆದದ್ದು ದಕ್ಷಿಣ ಆಫ್ರಿಕಾದಲ್ಲಿ, 1952ರಲ್ಲಿ. ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸೂ ಅಲ್ಲಿನ ಭಾರತೀಯರ ಕಾಂಗ್ರೆಸ್ಸೂ ಜೊತೆಗೂಡಿ ಹೂಡಿದ್ದು. ಬಣ್ಣ ನೋಡಿ ಮಾಡಿದ ಕಾನೂನುಗಳನ್ನು ರದ್ದು ಮಾಡಿ ಎಂದು ಪ್ರಧಾನಿ ಮಲಾನ್‌ಗೆ ಮೊದಲು ಪತ್ರ ಹೋಯಿತು, ಫೆಬ್ರವರಿ ಕೊನೆಯ ಗಡುವಿನೊಂದಿಗೆ. ದಂಡಿಗೆ ಹೊರಡುವ ಮುನ್ನ ಗಾಂಧೀಜಿ ವೈಸರಾಯ್ ಇರ್ವಿನ್‌ಗೆ ಬರೆದದ್ದೂ ಇದೇ ಜಾತಿಯ ಪತ್ರ. ಮಲಾನ್ ಒಪ್ಪಲಿಲ್ಲ. ಜೂನ್ 26ರಂದು ಬೆಳ್ಳಂಬೆಳಗ್ಗೆ ಪೋರ್ಟ್ ಎಲಿಜಬೆತ್‌ನಲ್ಲಿ ರೇಮಂಡ್ ಮ್ಲಾಬಾ ಮತ್ತು ಸಂಗಡಿಗರು ರೈಲ್ವೆ ನಿಲ್ದಾಣದ ಬಿಳಿಯರ ಬಾಗಿಲಿನಿಂದ ಒಳಹೊಕ್ಕರು. ಅದೇ ದಿನ ಬೋಕ್ಸ್‌ಬರ್ಗ್‌ನಲ್ಲಿ ಇನ್ನೂ ಸೊಗಸು: ನಮ್ಮವರು ಐವತ್ತು ಜನ ಪರವಾನಗಿ ಇಲ್ಲದೆ ನಿಮ್ಮ ಸರಹದ್ದಿನ ಕರಿಯರ ಬಡಾವಣೆಗೆ ಕಾಲಿಡಲಿದ್ದಾರೆ ಎಂದು ಮ್ಯಾಜಿಸ್ಟ್ರೇಟರಿಗೆ ಖುದ್ದಾಗಿ ಕಾಗದ ಕೊಟ್ಟುಬರಲಾಯಿತು. ಕೊಟ್ಟವರಲ್ಲಿ ಒಬ್ಬರು ನೆಲ್ಸನ್ ಮಂಡೇಲಾ. ಮದುವೆಯ ಕರೆಯೋಲೆಯನ್ನೂ ನಾವು ಈಗ ವಾಟ್ಸಾಪಿನಲ್ಲಿ ಕಳಿಸಿ ಕೈತೊಳೆದುಕೊಳ್ಳುತ್ತೇವೆ!

ಆರು ತಿಂಗಳಲ್ಲಿ 8 ಸಾವಿರಕ್ಕೂ ಹೆಚ್ಚು ಜನ ಜೈಲು ಕಂಡರು. ಬಿಳಿಯರ ಬೆಂಚಿನ ಮೇಲೆ ಕೂತದ್ದಕ್ಕೆ ಸಿಗುತ್ತಿದ್ದುದು ಸಣ್ಣ ದಂಡ ಇಲ್ಲವೆ ಕೆಲದಿನಗಳ ಸಜೆ. ಸ್ವಯಂಸೇವಕರು ದಂಡ ಕಟ್ಟದೆ ಸಜೆಯನ್ನೇ ಆರಿಸಿಕೊಳ್ಳುತ್ತಿದ್ದರು. ಇವರಿಗೆ ಹೆದರಿಕೆಯೇ ಇಲ್ಲವೆಂಬುದು ಸರ್ಕಾರದ ಪೇಚಾಟ. ಕಡೆಗೆ 1953ರಲ್ಲಿ ಹೊಸ ಕಾಯಿದೆ ಬಂತು. ಯಾವ ಕಾನೂನನ್ನೇ ಆಗಲಿ ಪ್ರತಿಭಟನೆಗೆಂದು ಮುರಿದರೆ ಮೂರು ವರ್ಷದವರೆಗೆ ಸೆರೆ, ಮುನ್ನೂರು ಪೌಂಡ್‌ವರೆಗೆ ದಂಡ, ಇಲ್ಲವೆ ಹತ್ತರವರೆಗೆ ಛಡಿಯೇಟು, ಅಥವಾ ಇವುಗಳಲ್ಲಿ ಯಾವುದಾದರೂ ಎರಡು. ಅಂದರೆ ಬೆಂಚು ಒಂದೇ. ಕಾಲು ನೋಯುತ್ತದೆಂದು ಕೂತವನಿಗೆ ಹಳೆಯ ದಂಡ, ನೋಡಲಿ ಎಂದೇ ಕೂತವನಿಗೆ ಛಡಿ.