ಬಾನಿನ ಕಲ್ಲಿಗೆ ಊರಿನ ಹೆಸರು

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಹಾದಿ ಇಪ್ಪತ್ತು ಕಿಲೋಮೀಟರಿನಷ್ಟು ಮಾತ್ರ. ಆದರೆ ಆ ಅಲ್ಪ ಅಂತರದಲ್ಲಿಯೇ ನೆಲದ ಮೈಬಣ್ಣ ಬದಲಾಗುತ್ತದೆ. ಮೂಡಣಕ್ಕೆ ನವಲಗುಂದದ ಕಡೆ ಹಬ್ಬಿದ ಎರೆಭೂಮಿ; ಪಡುವಣಕ್ಕೆ ಮಲೆನಾಡಿನ ಸೆರಗಿನಂತಿರುವ ಕೆಮ್ಮಣ್ಣಿನ ದಿಬ್ಬಗಳು. ಶಾಲ್ಮಲೆಯು ಸೋಮೇಶ್ವರನ ಗುಡಿಯ ಬಳಿ ಹುಟ್ಟುವುದು ಈ ಏರುತಗ್ಗಿನ ನಾಡಿನಲ್ಲಿಯೇ.

ಕವಿಗಳಿಂದಲೂ ಗಾಯಕರಿಂದಲೂ ಹೆಸರಾದ ಧಾರವಾಡವನ್ನು ಭೂಗರ್ಭಶಾಸ್ತ್ರಜ್ಞರು ಬೇರೊಂದು ಕಾರಣಕ್ಕಾಗಿ ಬಲ್ಲರು. 1880ರ ದಶಕದಲ್ಲಿ ರಾಬರ್ಟ್ ಬ್ರೂಸ್ ಫೂಟ್ ದಕ್ಷಿಣ ಭಾರತದ ಪುರಾತನ ಶಿಲೆಗಳ ಒಂದು ವರ್ಗಕ್ಕೆ ಈ ಊರಿನ ಹೆಸರನ್ನೇ ಇಟ್ಟನು. ಆ ಶಿಲೆಗಳ ವಯಸ್ಸು ಇನ್ನೂರೈವತ್ತು ಕೋಟಿ ವರ್ಷಗಳಿಗೂ ಮಿಕ್ಕಿದ್ದು. ಅವುಗಳನ್ನೂ ಎಳೆಯವೆನಿಸುವ ಕಲ್ಲುಗಳು ಆಗಾಗ ಆಕಾಶದಿಂದ ಬೀಳುತ್ತವೆ. ಅವುಗಳ ವಯಸ್ಸು ಸುಮಾರು 456 ಕೋಟಿ ವರ್ಷ.

ಕನ್ನಡ ನಾಡಿನಲ್ಲಿಯೂ ಅಂಥ ಕಲ್ಲುಗಳು ಬಿದ್ದಿವೆ. 1865ರಲ್ಲಿ ಮದ್ದೂರು, 1866ರಲ್ಲಿ ಉಡುಪಿ, 1876ರಲ್ಲಿ ತುಮಕೂರು ಸೀಮೆಯ ಒಂದು ಹಳ್ಳಿ—ಈ ಮೂರೂ ಊರುಗಳ ಹೆಸರು ಲೋಕದ ಉಲ್ಕಾಶಿಲೆಗಳ ಪಟ್ಟಿಯಲ್ಲಿ ಸ್ಥಿರವಾಗಿ ನಿಂತಿವೆ. ಮೂರನೆಯದನ್ನು ಆ ಪಟ್ಟಿಯು 'ಜುಡೆಸೆಗೇರಿ' ಎಂದು ಬರೆದಿದೆ. ಮದ್ದೂರಿನದು ಎಲ್-5, ಉಡುಪಿಯದು ಎಚ್-5, ಜುಡೆಸೆಗೇರಿಯದು ಎಚ್-6.

ಈ ಅಕ್ಷರಗಳಿಗೂ ಅಂಕೆಗಳಿಗೂ ಅರ್ಥವೇನು? ಮೂರೂ ಕಾಂಡ್ರೈಟ್ ಎಂಬ ಕಲ್ಲಿನ ಜಾತಿಗೆ ಸೇರಿದವು. ಒಡೆದು ನೋಡಿದರೆ ಒಳಗೆ ರಾಗಿ, ಸಾಸಿವೆಯಷ್ಟು ಗಾತ್ರದ ಉರುಟು ಕಾಳುಗಳು ಕಾಣುತ್ತವೆ. ಸೂರ್ಯಮಂಡಲವು ರೂಪುಗೊಳ್ಳುತ್ತಿದ್ದ ಕಾಲದಲ್ಲಿ ಕರಗಿ ಹೆಪ್ಪುಗಟ್ಟಿದ ಹನಿಗಳವು. ಎಚ್ ಎಂದರೆ ಕಬ್ಬಿಣ ಹೆಚ್ಚು, ನೂರಕ್ಕೆ ಸುಮಾರು 27 ಪಾಲು; ಎಲ್ ಎಂದರೆ ಕಡಿಮೆ, ಸುಮಾರು 22 ಪಾಲು; ಎಲ್‌ಎಲ್‌ನಲ್ಲಿ ಇನ್ನೂ ಕಡಿಮೆ. ಮೂರರಿಂದ ಆರರವರೆಗಿನ ಅಂಕೆಯು ಆ ಕಲ್ಲು ತನ್ನ ತಾಯಿಗ್ರಹದೊಳಗೆ ಎಷ್ಟು ಬೆಂದಿತ್ತೆಂಬುದನ್ನು ಹೇಳುತ್ತದೆ. ಮೂರರಲ್ಲಿ ಕಾಳುಗಳು ಸ್ಪಷ್ಟ. ಆರರಲ್ಲಿ ಅವು ಬಹುಮಟ್ಟಿಗೆ ಅಳಿಸಿಹೋಗಿರುತ್ತವೆ.

ಇದನ್ನು ನಿರ್ಣಯಿಸುವುದು ಕಣ್ಣಂದಾಜಿನ ಕೆಲಸವಲ್ಲ. ಕಲ್ಲಿನ ಒಂದು ಬಿಲ್ಲೆಯನ್ನು 0.03 ಮಿಲಿಮೀಟರಿನಷ್ಟು ತೆಳುವಾಗಿ ಉಜ್ಜಿ ಸೂಕ್ಷ್ಮದರ್ಶಕದಡಿ ನೋಡಬೇಕು. ಎಲೆಕ್ಟ್ರಾನ್ ಕಿರಣ ಹಾಯಿಸಿ ಆಲಿವೀನ್ ಎಂಬ ಖನಿಜದಲ್ಲಿರುವ ಕಬ್ಬಿಣವನ್ನು ಅಳೆಯಬೇಕು. ಬಾಹ್ಯಾಕಾಶದಲ್ಲಿ ಅದು ತಿಂದ ಪೆಟ್ಟಿಗೂ, ಭೂಮಿಯ ಮೇಲೆ ಹಿಡಿದ ತುಕ್ಕಿಗೂ ಪ್ರತ್ಯೇಕ ದರ್ಜೆಗಳುಂಟು.

ಈ ತುಕ್ಕೇ ನಮ್ಮ ನಾಡಿನಲ್ಲಿ ಉಲ್ಕಾಶಿಲೆಗೆ ಶತ್ರು. ಧಾರವಾಡದ ಸೋನೆಮಳೆಯಲ್ಲಿ ಅದು ಕ್ರಮೇಣ ಕರಗಿ ಕೆಮ್ಮಣ್ಣಾಗುತ್ತದೆ. ಎರೆಭೂಮಿಯಲ್ಲಿ ಬಿದ್ದರೆ ಬಿರುಕಿನೊಳಗೆ ಹೂತುಹೋಗುತ್ತದೆ. ಮಳೆಯಿಲ್ಲದ ಸಹಾರಾದಲ್ಲಾದರೋ ಸಾವಿರಾರು ವರ್ಷ ಹಾಗೆಯೇ ಬಿದ್ದಿರುತ್ತದೆ, ಬಿಳಿಯ ನೆಲದ ಮೇಲೆ ಕರಿಯ ಕಲ್ಲು ದೂರದಿಂದಲೇ ಕಾಣುತ್ತದೆ. ಆದುದರಿಂದಲೇ ಮರುಭೂಮಿಯ ಕಲ್ಲುಗಳು ಸಾವಿರಗಟ್ಟಲೆ ದೊರೆತಿವೆ. ಆದರೆ ಅವುಗಳಲ್ಲಿ ಅನೇಕವು ಕೈಯಿಂದ ಕೈಗೆ ಮಾರಾಟವಾಗುತ್ತ ಬಂದು, ಸಿಕ್ಕಿದ ಸ್ಥಳವೇ ಮರೆತುಹೋಗಿ, 'ವಾಯವ್ಯ ಆಫ್ರಿಕ' ಎಂಬ ಹೆಸರಿನೊಡನೆ ಒಂದು ಸಂಖ್ಯೆಯನ್ನಷ್ಟೇ ಹೊತ್ತಿವೆ. ಮದ್ದೂರಿನ ಕಲ್ಲಿಗೆ ಇರುವ ಊರು ಅವಕ್ಕಿಲ್ಲ.

ಧಾರವಾಡ ಶಿಲಾವರ್ಗದ ನಾಡಿನಲ್ಲಿ ಇನ್ನೊಂದು ತೊಡಕಿದೆ. ಇಲ್ಲಿಯ ಗುಡ್ಡಗಳಲ್ಲಿ ಕಬ್ಬಿಣದ ಅದಿರಿನ ಪಟ್ಟೆಗಳುಳ್ಳ ಕಲ್ಲು ಹೇರಳ. ಹಳೆಯ ಕುಲುಮೆಗಳ ಕಿಟ್ಟವೂ ಅಲ್ಲಲ್ಲಿ ದೊರೆಯುತ್ತದೆ. ಇವಕ್ಕೂ ಸೂಜಿಗಲ್ಲು ಅಂಟಿಕೊಳ್ಳಬಹುದಾದ್ದರಿಂದ ಅದೊಂದೇ ಸಾಕ್ಷಿಯಾಗದು. ಕಿಟ್ಟದಲ್ಲಿ ಗಾಳಿಗುಳ್ಳೆಗಳ ತೂತುಗಳಿರುತ್ತವೆ. ಬಾನಿನ ಕಲ್ಲಿನಲ್ಲಿ ಸಾಮಾನ್ಯವಾಗಿ ಇರವು. ಹೊಸದಾಗಿ ಬಿದ್ದುದಾದರೆ ಮೈಮೇಲೆ ತೆಳುವಾದ ಕರಿಯ ಸುಟ್ಟ ಪೊರೆಯಿರುತ್ತದೆ. ಒಳಗಿನ ಬೂದುಬಣ್ಣದಲ್ಲಿ ಲೋಹದ ಚುಕ್ಕೆಗಳು ಮಿನುಗುತ್ತವೆ.

ಉಳುವಾಗ ಅಂಥ ಕಲ್ಲು ಸಿಕ್ಕವನು ಅದನ್ನು ತೊಳೆಯದೆ, ಒಡೆಯದೆ, ಒಣಗಿದ ಅರಿವೆಯಲ್ಲಿ ಸುತ್ತಿ, ಹೊಲದ ಹೆಸರನ್ನೂ ದಿನವನ್ನೂ ಬರೆದಿಟ್ಟು, ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಗೋ ಸಮೀಪದ ಕಾಲೇಜಿನ ಭೂಗರ್ಭಶಾಸ್ತ್ರದ ಅಧ್ಯಾಪಕರಿಗೋ ತಿಳಿಸುವುದು ಲೇಸು. ಕಲ್ಲಿನ ಜಾತಿಯನ್ನು ಪ್ರಯೋಗಶಾಲೆಯು ಎಂದಾದರೂ ಹೇಳಬಲ್ಲದು. ಅದು ಸಿಕ್ಕ ಊರನ್ನು ಮಾತ್ರ ಎತ್ತಿಕೊಂಡವನೇ ಹೇಳಬೇಕು.