ಎರಿ ಮಣ್ಣಿನ ಊರು, ಅಂಗೈಯೊಳಗಿನ ಸಂತೆ

ಸಹೋದರಿಯರೇ, ಧಾರವಾಡ ಜಿಲ್ಲೆಯ ನವಲಗುಂದ ತಾಲ್ಲೂಕಿನ ಮೊರಬಕ್ಕೆ ಹೋಗುವುದಾದರೆ ಎಳ್ಳಮಾಸಿಯ ಸುಮಾರಿಗೆ ಹೋಗಿರಿ. ಮಳೆಗಾಲದಲ್ಲಿ ಮಾತ್ರ ಬೇಡ! ಎರಿ ಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಕಾಲು ಎತ್ತುವುದೇ ಕಷ್ಟ. ಚಳಿಗಾಲದಲ್ಲಾದರೆ ಬಿಳಿಜೋಳ, ಕಡಲೆ, ಕುಸುಬಿ ಕಣ್ಣು ಹಾಯುವಷ್ಟು ದೂರ. 2023ರ ಜೂನಿನಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ನಮಗೆ ಟಿಕೆಟ್ಟಿನ ಚಿಂತೆಯೂ ಇಲ್ಲ.

ಈ ಸೀಮೆಯ ಹೆಣ್ಣುಮಕ್ಕಳ ಕೈಗುಣ ನಿಮಗೆ ಗೊತ್ತಿದ್ದದ್ದೇ. ಕಟಕ ರೊಟ್ಟಿ, ಅಗಸಿ ಹಿಂಡಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ, ಹಳೆ ಸೀರೆಯ ಕೌದಿ. ಬೆಲೆ? ನೆಂಟರು ಉಂಡು ಹೊಗಳಿದ್ದೇ ಬೆಲೆ!

ತಾಲ್ಲೂಕಿನ ಊರು ನವಲಗುಂದದ ಜಮಖಾನೆಯ ಕಥೆ ಇನ್ನೂ ವಿಚಿತ್ರ. ನವಿಲು, ಚೌಕಾಬಾರದ ಮನೆಗಳ ಆ ಚಿತ್ತಾರ ನೇಯುವವರು ಹೆಂಗಸರೇ. ಮದುವೆಯಾಗಿ ಪರವೂರಿಗೆ ಹೋದರೆ ಗುಟ್ಟೂ ಹೋದೀತೆಂದು ಹೆತ್ತ ಮಗಳಿಗೂ ಅದನ್ನು ಕಲಿಸುತ್ತಿರಲಿಲ್ಲವಂತೆ. ಹೀಗೆ ಬಚ್ಚಿಟ್ಟ ವಿದ್ಯೆ ಈಗ ಕೆಲವೇ ಮಗ್ಗಗಳಲ್ಲಿ ಉಳಿದಿದೆ. ಬಚ್ಚಿಡುವುದಕ್ಕಿಂತ ನಾಲ್ಕು ಜನಕ್ಕೆ ತೋರಿಸುವುದೇ ಲೇಸು ಎಂದು ನನಗನಿಸುತ್ತದೆ.

ತೋರಿಸುವುದಕ್ಕೆ ಈಗ ಅಂಗೈಯಲ್ಲೇ ಸಂತೆಯಿದೆಯಲ್ಲ! ಕಲಬುರಗಿಯ ಸಂಘಗಳ ಹೆಂಗಸರು ಜೋಳದ ರೊಟ್ಟಿಯನ್ನು ಆನ್‌ಲೈನಿನಲ್ಲಿ ಮಾರುತ್ತಿದ್ದಾರೆ. ನಮ್ಮ ಜಿಲ್ಲೆಯದೇ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದಲ್ಲಿ 2018ರಲ್ಲಿ ಹದಿನೈದು ಮಹಿಳೆಯರು ಕಟ್ಟಿದ ಬೀಬಿ ಫಾತಿಮಾ ಸ್ವಸಹಾಯ ಸಂಘವು ಸಿರಿಧಾನ್ಯ, ಬೀಜ ಬ್ಯಾಂಕಿನ ಕೆಲಸಕ್ಕಾಗಿ 2025ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಪಡೆಯಿತು. ಫೋನು ಪ್ರಶಸ್ತಿ ತರಲಿಲ್ಲ, ನಿಜ, ದುಡಿಮೆ ತಂದಿತು. ಆದರೆ ತೀರ್ಥದ ಸುದ್ದಿ ಬೇರೆ ಊರಿನ ಅಡುಗೆಮನೆಗೂ ಮುಟ್ಟಿದ್ದು ಫೋನಿನಿಂದಲೂ ಹೌದಲ್ಲವೇ?

ನೀವೂ ಮಾಡಿ ನೋಡ್ರಿ. ಚಟ್ನಿಪುಡಿಯ ಚಿತ್ರವನ್ನು ಕಿಟಕಿಯ ಬೆಳಕಿನಲ್ಲಿ ತೆಗೆದು, ತೂಕ, ದರ, ಮಾಡಿದ ದಿನ ಬರೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿರಿ. ಒಂದು ದಿನಕ್ಕೆ ಅದು ಅಳಿಸಿಹೋಗುತ್ತದೆ, ಮರುದಿನ ಮತ್ತೆ ಹಾಕಬೇಕು. ತಿನಿಸು ಮಾರುವವರಿಗೆ ಆಹಾರ ಸುರಕ್ಷತೆಯ ನೋಂದಣಿ ಬೇಕು, ಮರೆಯಬೇಡಿರಿ. ಹಣ ಪಡೆಯಲು ಪಿನ್ ಒತ್ತುವುದು ಎಂದೂ ಬೇಕಿಲ್ಲ. ಒತ್ತಿರೆಂದು ಹೇಳಿದವನು ಕಳ್ಳನೇ ಸರಿ. ಮೋಸವಾದರೆ ತಡಮಾಡದೆ 1930ಕ್ಕೆ ಫೋನು ಮಾಡಿರಿ.

ಇವೆಲ್ಲಕ್ಕಿಂತ ಮೊದಲು ಒಂದು ಮಾತು. ನಿಮ್ಮ ಕೈಲಿರುವ ಫೋನಿನ ಸಿಮ್ ಯಾರ ಹೆಸರಿನಲ್ಲಿದೆ? ರೊಟ್ಟಿಯ ದುಡ್ಡು ಬೀಳುವುದು ಯಾರ ಖಾತೆಗೆ? ಎರಡೂ ಯಜಮಾನರದೇ ಆದರೆ ಬಡಿದ ಕೈ ನಿಮ್ಮದು, ಲೆಕ್ಕ ಅವರದು! 2023ರ ಗೃಹಲಕ್ಷ್ಮಿಯಿಂದ ಎಷ್ಟೋ ಮನೆಯೊಡತಿಯರ ಖಾತೆಗೇ ನೇರ ಹಣ ಬರತೊಡಗಿತು. ಆ ಖಾತೆಗೇ ನಿಮ್ಮ ನಂಬರು ಜೋಡಿಸಿರಿ. ಅತ್ತೆಯವರು ‘ಮನೆ ಹೆಂಗಸಿನ ಫೋಟೋ ಊರಿಗೆಲ್ಲ ಯಾಕ?’ ಎಂದರೆ ಜಗಳ ಬೇಡ. ರೊಟ್ಟಿಯ ಫೋಟೋ ಸಾಕು.

ನವಲಗುಂದದಲ್ಲಿ ಜಮಖಾನೆ ನೇಯುವುದನ್ನು ನೋಡಿದರೆ ನಿಮಗೂ ಚಿತ್ರ ತೆಗೆಯಬೇಕೆನಿಸುವುದು. ಆಕೆಯನ್ನು ಕೇಳಿ ತೆಗೆಯಿರಿ. ಒಪ್ಪಿದರೆ ಆಕೆಯ ಹೆಸರನ್ನೂ ಹಾಕಿರಿ.