ಕಾರ್ತೂಸ್ ಸಾಹೇಬರ ಉಳಿದ ದಾರಿ

ಮೇಜರ್ ಜನರಲ್ ಇಯಾನ್ ಕಾರ್ಡೋಜೊ ಎಂದರೆ ಬಹಳ ಜನಕ್ಕೆ ನೆನಪಾಗುವುದು ಒಂದೇ ಸಂಗತಿ. 1971ರ ಡಿಸೆಂಬರಿನಲ್ಲಿ, ಈಗಿನ ಬಾಂಗ್ಲಾದೇಶದ ಸಿಲ್ಹೆಟ್‌ನಲ್ಲಿ, ನೆಲಬಾಂಬು ಸಿಡಿದು ಜಜ್ಜಿಹೋದ ತಮ್ಮ ಕಾಲನ್ನು ಅವರು ಖುಕ್ರಿಯಿಂದ ತಾವೇ ಕಡಿದುಕೊಂಡರು. ಕೇಳಿದವರ ಮೈ ಜುಮ್ಮೆನ್ನುತ್ತದೆ. ಕಥೆ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಆದರೆ ಆಗ ಅವರಿಗೆ ವಯಸ್ಸು ಬರೀ 34. ಕಾಲು ಹೋದ ಮೇಲೆ ಅವರು ನಡೆದ ದಾರಿ, ಅದಕ್ಕೆ ಮುಂಚೆ ನಡೆದದ್ದಕ್ಕಿಂತ ಉದ್ದ.

ಕಾರ್ಡೋಜೊ ಹುಟ್ಟಿದ್ದು 1937ರ ಆಗಸ್ಟ್ 7ರಂದು, ಮುಂಬಯಿಯಲ್ಲಿ. ಓದಿದ್ದು ಅಲ್ಲಿನ ಸೇಂಟ್ ಕ್ಸೇವಿಯರ್ ಶಾಲೆ, ಕಾಲೇಜುಗಳಲ್ಲಿ. ಧೋಬಿ ತಲಾವ್, ಕೋಟೆ ಸುತ್ತಮುತ್ತಲ ಆ ಮುಂಬಯಿ ಊರು ಬಿಟ್ಟು ಬಂದವರ ನಗರ. ಗೋವೆಯವರು ತಮ್ಮ ಊರಿನ ಹೆಸರಿನ ಕೂಡುಗಳಲ್ಲಿ ಬಾಡಿಗೆ ಹಂಚಿಕೊಂಡು ಇರುತ್ತಿದ್ದರು. ಉಡುಪಿ, ಮಂಗಳೂರು ಕಡೆಯ ಹುಡುಗರು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಗೆ ಹೋಗುತ್ತಿದ್ದರು. ಅಂಥ ನಗರದಿಂದ ಈ ಹುಡುಗ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಸೇರಿದ. ಅಲ್ಲಿ ಚಿನ್ನ ಮತ್ತು ಬೆಳ್ಳಿ ಪದಕಗಳೆರಡನ್ನೂ ಪಡೆದ ಮೊದಲ ಕೆಡೆಟ್ ಎನಿಸಿಕೊಂಡು, ಐದನೇ ಗೂರ್ಖಾ ರೈಫಲ್ಸ್‌ಗೆ ಅಧಿಕಾರಿಯಾಗಿ ಹೋದ. ಗೂರ್ಖಾ ಜವಾನರ ನಾಲಿಗೆಗೆ 'ಕಾರ್ಡೋಜೊ' ಹೊರಳಲಿಲ್ಲ. ಅವರು 'ಕಾರ್ತೂಸ್ ಸಾಹೇಬ್' ಎಂದು ಕರೆದರು. ಕಾರ್ತೂಸ್ ಎಂದರೆ ತೋಟೆ, ಬಂದೂಕಿನ ಗುಂಡು. ಆ ಹೆಸರೇ ನಿಂತಿತು. ಮುಂದೆ ಅವರ ಆತ್ಮಕಥೆಗೂ ಅದೇ ಹೆಸರಾಯಿತು.

1971ರ ಯುದ್ಧ ಹತ್ತಿರವಾದಾಗ ಅವರು ವೆಲ್ಲಿಂಗ್ಟನ್‌ನ ಸ್ಟಾಫ್ ಕಾಲೇಜಿನಲ್ಲಿ ವ್ಯಾಸಂಗಕ್ಕೆಂದು ಇದ್ದರು. ಅವರ ಬೆಟಾಲಿಯನ್ನಿನ ಎರಡನೇ ಮುಖ್ಯಾಧಿಕಾರಿ ಕಾಳಗದಲ್ಲಿ ತೀರಿಕೊಂಡ ಸುದ್ದಿ ಬಂತು. ಆ ಜಾಗಕ್ಕೆ ಹೋಗಬೇಕೆಂಬ ಆದೇಶವೂ ಬಂತು. ಪಾಠ ಅರ್ಧಕ್ಕೆ ಬಿಟ್ಟು, ಸಂಸಾರದಿಂದ ಬೀಳ್ಕೊಂಡು, ಪೂರ್ವದ ಗಡಿ ತಲುಪಿದರು.

ಡಿಸೆಂಬರ್ 7ರಂದು ಹೆಲಿಕಾಪ್ಟರುಗಳು ಅವರ ಬೆಟಾಲಿಯನ್ನನ್ನು ಸಿಲ್ಹೆಟ್ ಬಳಿ ಇಳಿಸಿದವು. ಭಾರತೀಯ ಸೇನೆ ಹೆಲಿಕಾಪ್ಟರಿನಿಂದ ಶತ್ರುವಿನ ನೆಲದಲ್ಲಿ ಪಡೆ ಇಳಿಸಿದ ಮೊದಲ ಕಾರ್ಯಾಚರಣೆ ಅದು. 48 ಗಂಟೆಗಳಲ್ಲಿ ಉಳಿದ ಸೈನ್ಯ ಬಂದು ಸೇರಿಕೊಳ್ಳುತ್ತದೆ ಎಂಬುದು ಲೆಕ್ಕ. ಬರಲಿಲ್ಲ. ಒಯ್ದ ಊಟ, ನೀರು, ಮದ್ದುಗುಂಡು ಎಲ್ಲ ಎರಡು ದಿನದ್ದು. ಹೋರಾಡಬೇಕಾಗಿ ಬಂದದ್ದು ಒಂದು ವಾರಕ್ಕೂ ಹೆಚ್ಚು. ಈ ನಡುವೆ ಬಿಬಿಸಿ ರೇಡಿಯೊ, ಸಿಲ್ಹೆಟ್‌ನಲ್ಲಿ ಇಳಿದಿರುವುದು ಒಂದು ಬ್ರಿಗೇಡ್ ಎಂದು ತಪ್ಪಾಗಿ ವರದಿ ಮಾಡಿತು. ಬ್ರಿಗೇಡ್ ಎಂದರೆ ಮೂರು ಬೆಟಾಲಿಯನ್. ಗೂರ್ಖಾಗಳು ಆ ತಪ್ಪನ್ನೇ ಬಳಸಿಕೊಂಡು, ಅಲ್ಲಲ್ಲಿ ಚದುರಿ ನಿಂತು, ಬ್ರಿಗೇಡಿನಂತೆಯೇ ನಟಿಸಿದರು. ಕೊನೆಗೆ ಶರಣಾದ ಪಾಕಿಸ್ತಾನಿ ಪಡೆಯಲ್ಲಿ ಸುಮಾರು 7,000 ಮಂದಿ ಇದ್ದರು, ಮೂವರು ಬ್ರಿಗೇಡಿಯರುಗಳೂ ಇದ್ದರು. ಎದುರಿಗಿದ್ದದ್ದು ಸೊರಗಿದ ಒಂದೇ ಬೆಟಾಲಿಯನ್ ಎಂದು ಅವರಿಗೆ ತಿಳಿದದ್ದು ಆಮೇಲೆ.

ನೆಲಬಾಂಬು ಸಿಡಿದದ್ದು ಢಾಕಾ ಪತನವಾದ ಮೇಲೆ, ಹೋರಾಟ ಬಹುಮಟ್ಟಿಗೆ ಮುಗಿದ ಹೊತ್ತಿನಲ್ಲಿ. ನೋವು ಮರೆಸುವ ಔಷಧ ಉಳಿದಿರಲಿಲ್ಲ, ವೈದ್ಯರ ಬಳಿ ಸಲಕರಣೆಯೂ ಇರಲಿಲ್ಲ. ಖುಕ್ರಿ ತರಿಸಿ, ಕಾಲು ಕತ್ತರಿಸು ಎಂದು ತಮ್ಮ ಸಹಾಯಕನಿಗೆ ಹೇಳಿದರು. ಅವನ ಕೈ ಏಳಲಿಲ್ಲ. ತಾವೇ ಕತ್ತರಿಸಿ, ಇದನ್ನು ಹೂಳು ಎಂದರು. ಬಾಂಗ್ಲಾದೇಶದಲ್ಲಿ ತಮಗೆ ಒಂದಡಿ ಜಮೀನಿದೆ ಎಂದು ಅವರು ನಂತರದ ವರ್ಷಗಳಲ್ಲಿ ತಮಾಷೆ ಮಾಡುತ್ತ ಬಂದರು.

ಆ ಕಥೆಯ ಎರಡನೇ ಭಾಗ ಕಡಿಮೆ ಜನಕ್ಕೆ ಗೊತ್ತು. ಕಾಲಿಗೆ ಸರಿಯಾದ ಶಸ್ತ್ರಚಿಕಿತ್ಸೆ ಆಗಬೇಕಿತ್ತು. ಸಾಗಿಸಲು ಹೆಲಿಕಾಪ್ಟರ್ ಸಿಗಲಿಲ್ಲ. ಹತ್ತಿರದಲ್ಲಿದ್ದದ್ದು ಸೆರೆಸಿಕ್ಕ ಒಬ್ಬ ಪಾಕಿಸ್ತಾನಿ ಸೇನಾ ವೈದ್ಯ, ಮೇಜರ್ ಮೊಹಮ್ಮದ್ ಬಶೀರ್. ಕಾರ್ಡೋಜೊ ಮೊದಲು ಒಪ್ಪಲಿಲ್ಲ. ಕಮಾಂಡಿಂಗ್ ಅಧಿಕಾರಿ ಗದರಿದ ಮೇಲೆ, ತಮಗೆ ಪಾಕಿಸ್ತಾನಿ ರಕ್ತ ಕೊಡಬಾರದು ಎಂಬ ಷರತ್ತು ಹಾಕಿ ಒಪ್ಪಿದರು. ಬಶೀರ್ ಒಳ್ಳೆಯ ಕೆಲಸ ಮಾಡಿದರು. ಆ ವೈದ್ಯರಿಗೆ ಕೃತಜ್ಞತೆ ಹೇಳಲಾಗಲಿಲ್ಲ ಎಂಬ ಕೊರಗನ್ನು ಕಾರ್ಡೋಜೊ ಮುಂದೆ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಷರತ್ತು ಹಾಕಿದ ಯುವಕನೂ, ಕೊರಗಿದ ಹಿರಿಯನೂ ಒಬ್ಬರೇ. ನಡುವಿನ ವರ್ಷಗಳು ಸುಮ್ಮನೆ ಕಳೆದಿರಲಿಲ್ಲ.

ಮುಂಬಯಿಗೂ ಯುದ್ಧದಲ್ಲಿ ಅಂಗ ಕಳೆದುಕೊಂಡ ಸೈನಿಕರಿಗೂ ಹಳೆಯ ನಂಟಿದೆ. ಮೊದಲ ಮಹಾಯುದ್ಧದಿಂದ ಕೈಕಾಲು ಕಳೆದುಕೊಂಡು ಮರಳಿದವರಿಗೆ ಕಸುಬು ಕಲಿಸಲು ಕ್ವೀನ್ ಮೇರಿ ತಾಂತ್ರಿಕ ಶಾಲೆ 1917ರಲ್ಲಿ ಆರಂಭವಾದದ್ದು ಇದೇ ನಗರದಲ್ಲಿ. ಆಮೇಲೆ ಅದು ಪುಣೆಯ ಖಡಕಿಗೆ ಹೋಯಿತು. ಗಾಯಗೊಂಡ ಯೋಧನಿಗೆ ಒಂದು ಕೆಲಸ, ಒಂದು ಪಿಂಚಣಿ, ಊರಿಗೆ ಹೋಗಲು ಒಂದು ಟಿಕೇಟು: ಇದೇ ಅಂದಿನ ಕರುಣೆಯ ಅಳತೆ. ಅಧಿಕಾರಿಯಾದರೆ ಕಚೇರಿಯ ಕುರ್ಚಿ. ಪಡೆಯನ್ನು ಮುನ್ನಡೆಸುವ ಮಾತು ಮಾತ್ರ ಇರಲಿಲ್ಲ.

ಕಾರ್ಡೋಜೊ ಕೇಳಿದ್ದು ಅದನ್ನೇ. ಮರದ ಕಾಲು ಕಟ್ಟಿಕೊಂಡು ದಿನವೂ ಓಡಿ, ಬೆಟ್ಟ ಹತ್ತಿ ಮೈ ಹದಮಾಡಿಕೊಂಡರು. ದೈಹಿಕ ಪರೀಕ್ಷೆಗೆ ಹೋದಾಗ, ಓಡಿದರೆ ಬಂಧಿಸಬೇಕಾಗುತ್ತದೆ ಎಂದು ಬೆದರಿಸಿದರು. ಓಡಿದರು, ಎರಡು ಕಾಲಿನ ಏಳು ಮಂದಿಯನ್ನು ಹಿಂದಿಕ್ಕಿದರು. ವಿಷಯ ಭೂಸೇನಾ ಮುಖ್ಯಸ್ಥ ಜನರಲ್ ಟಿ. ಎನ್. ರೈನಾ ಅವರವರೆಗೆ ಹೋಯಿತು. ರೈನಾ ಸ್ವತಃ ಎರಡನೇ ಮಹಾಯುದ್ಧದ ಕಾಲದಲ್ಲಿ ಒಂದು ಕಣ್ಣು ಕಳೆದುಕೊಂಡವರು. ಅವರು ಕಾರ್ಡೋಜೊರನ್ನು ಲಡಾಖಿಗೆ ಕರೆದೊಯ್ದು, ಹಿಮದ ಬೆಟ್ಟಗಳಲ್ಲಿ ನಡೆಯುವುದನ್ನು ಕಣ್ಣಾರೆ ಕಂಡು ಅನುಮತಿ ಕೊಟ್ಟರು. ಯುದ್ಧದಲ್ಲಿ ಅಂಗ ಕಳೆದುಕೊಂಡು ಪದಾತಿ ಬೆಟಾಲಿಯನ್ ಮುನ್ನಡೆಸಿದ ಮೊದಲ ಭಾರತೀಯ ಅಧಿಕಾರಿ ಕಾರ್ಡೋಜೊ. ಮುಂದೆ ಬ್ರಿಗೇಡನ್ನೂ ಮುನ್ನಡೆಸಿದರು. ಒಂದು ಕಾಲಿಲ್ಲದ ವಿಜಯ್ ಒಬೆರಾಯ್ ಭೂಸೇನೆಯ ಉಪಮುಖ್ಯಸ್ಥರಾದರು. ಎರಡೂ ಕಾಲು ಕಳೆದುಕೊಂಡ ಪಂಕಜ್ ಜೋಶಿ ಲೆಫ್ಟಿನೆಂಟ್ ಜನರಲ್ ಹುದ್ದೆಗೇರಿದರು. ನಿಯಮಪುಸ್ತಕದ ಒಂದು ಸಾಲನ್ನು ಪ್ರಶ್ನಿಸಿದ್ದರಿಂದ ಇಷ್ಟೆಲ್ಲ ಸಾಧ್ಯವೆಂದು ಕಂಡಿತು.

1993ರಲ್ಲಿ ನಿವೃತ್ತರಾದ ಮೇಲೆ ಅವರು ಆರಿಸಿಕೊಂಡ ಕೆಲಸ ಇದರ ಮುಂದುವರಿಕೆಯಂತಿದೆ. ದೆಹಲಿಯ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ನಾರ್ದರ್ನ್ ಇಂಡಿಯಾದಲ್ಲಿ, ಮೆದುಳಿನ ಪಾರ್ಶ್ವವಾಯುವಿರುವ ಮಕ್ಕಳ ನಡುವೆ ದುಡಿದರು. 2005ರಿಂದ 2011ರವರೆಗೆ ಭಾರತೀಯ ಪುನರ್ವಸತಿ ಪರಿಷತ್ತಿನ ಅಧ್ಯಕ್ಷರಾಗಿದ್ದರು. ಅಂಗವಿಕಲರಿಗೆ ಕಲಿಸುವ ಶಿಕ್ಷಕರು, ಮಾತು ಕಲಿಸುವ ಚಿಕಿತ್ಸಕರು ಮುಂತಾದವರ ತರಬೇತಿಯ ಗುಣಮಟ್ಟ ನೋಡಿಕೊಳ್ಳುವ ಸಂಸ್ಥೆ ಅದು. ಪತ್ರಿಕೆಗೆ ಸುದ್ದಿಯಾಗದ ಕೆಲಸ. ಶಿಕ್ಷಕರು ಸರಿಯಾಗಿ ಕಲಿತಿದ್ದರೆ ಎಲ್ಲೋ ಒಂದು ಊರಿನ ಮಗು ಮಾತು ಕಲಿಯುತ್ತದೆ, ಅಷ್ಟೇ. ಯುದ್ಧದಲ್ಲಿ ಕಾಲು ಕಳೆದುಕೊಂಡವನಿಗೆ ಪದಕ, ಸಲಾಮು ಸಿಗುತ್ತವೆ. ಹುಟ್ಟಿನಿಂದಲೇ ಕಾಲು ಬಾರದ ಮಗುವಿಗೆ ಅವು ಸಿಗುವುದಿಲ್ಲ. ಈ ಮನುಷ್ಯ ತನ್ನ ಪಾಲಿಗೆ ಬಂದ ಗೌರವವನ್ನು ಆ ಮಗುವಿನ ಬಳಿಗೆ ಒಯ್ದರು.

ಜೊತೆಗೆ ಬರೆದರು. ಪರಮವೀರ ಚಕ್ರ ಪಡೆದವರ ಬಗ್ಗೆ ಒಂದು ಪುಸ್ತಕ, ಐಎನ್‌ಎಸ್ ಖುಕ್ರಿ ಮುಳುಗಿದ ಬಗ್ಗೆ ಇನ್ನೊಂದು. ಆ ಹಡಗು ಡಿಸೆಂಬರ್ 9ರಂದು ದಿಯು ಬಳಿ ಮುಳುಗಿದಾಗ 18 ಅಧಿಕಾರಿಗಳು, 176 ನಾವಿಕರು ಸತ್ತರು. ಕಾರ್ಡೋಜೊ ಬದುಕುಳಿದವರ ಮಾತುಗಳನ್ನು ಕೂಡಿಸಿ ಆ ಪುಸ್ತಕ ಕಟ್ಟಿದರು. ಅದೇ ಯುದ್ಧ, ಅದೇ ತಿಂಗಳು, ಹಡಗಿಗೂ ಅವರ ಕತ್ತಿಗೂ ಅದೇ ಹೆಸರು. ಹಡಗಿನ ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹೆಸರು ಹೇಗೂ ಉಳಿಯುತ್ತದೆ. ನೀರಿನಿಂದ ಎದ್ದು ಮನೆಗೆ ಮರಳಿ, ಉಳಿದ ಆಯುಷ್ಯವನ್ನು ಆ ರಾತ್ರಿಯೊಂದಿಗೆ ಕಳೆದ ನಾವಿಕರ ಮಾತು ಯಾರಾದರೂ ಕೂತು ಕೇಳಿದರೆ ಮಾತ್ರ ಉಳಿಯುತ್ತದೆ. ಅವರು ಕೂತು ಕೇಳಿದರು.